ಪುಟ ಬಂತು, ಚಿತ್ರ ಏಕೆ ಬರಲಿಲ್ಲ?

ನಮ್ಮ ಕಾಲೇಜಿನ ಲ್ಯಾಬ್ ಕೈಪಿಡಿಗಳನ್ನು ಈಗ ನಾವು ಕಂಪ್ಯೂಟರಿನಲ್ಲೇ ಓದುತ್ತೇವೆ. ಭೌತಶಾಸ್ತ್ರ, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಸೈನ್ಸ್ ಈ ಮೂರಕ್ಕೂ ಒಂದೊಂದು ಡಾಕ್ಯುಮೆಂಟೇಶನ್ ಪ್ರಾಜೆಕ್ಟ್ ಇದೆ. ಪ್ರತಿ ಪ್ರಯೋಗಕ್ಕೂ ಒಂದು ಪುಟವನ್ನು ಸರಳ ಪಠ್ಯವಾಗಿ ಬರೆದಿಡುತ್ತೇವೆ. ಒಂದು ಸಾಫ್ಟ್‌ವೇರ್ ಆ ಪುಟಗಳನ್ನೆಲ್ಲ ಜೋಡಿಸಿ ಬ್ರೌಸರಿನಲ್ಲಿ ಓದುವಂಥ ಕೈಪಿಡಿ ಮಾಡಿಕೊಡುತ್ತದೆ. ಭೌತಶಾಸ್ತ್ರ ಮತ್ತು ಎಲೆಕ್ಟ್ರಾನಿಕ್ಸ್ ಕೈಪಿಡಿಗಳಿಗೆ ಎಂಕೆಡಾಕ್ಸ್, ಕಂಪ್ಯೂಟರ್ ಸೈನ್ಸ್ ಕೈಪಿಡಿಗೆ ಸ್ಫಿಂಕ್ಸ್ ಬಳಸುತ್ತೇವೆ.

ಇವನ್ನು ನೋಡಿಕೊಳ್ಳುವ ವಿದ್ಯಾರ್ಥಿ ತಂಡದಲ್ಲಿ ನಾನೂ ಒಬ್ಬಳು. ಪರೀಕ್ಷೆ ಮುಗಿಯುತ್ತಿದ್ದಂತೆ ನಮ್ಮ ದ್ವಿತೀಯ ಪಿಯು ಬ್ಯಾಚ್ ಹೊರಟುಹೋಗುತ್ತದೆ. ಕೆಲಸ ಪ್ರಥಮ ಪಿಯುವಿನ ಕೈಗೆ ಬರುತ್ತದೆ. ಅವರಿಗೆ ಹೇಳಿಕೊಡಬೇಕಾದ ವಿಷಯಗಳ ಪಟ್ಟಿ ಮಾಡುವಾಗ ಒಂದು ವಿಷಯವನ್ನು ಮಾತ್ರ ಎಲ್ಲರಿಗೂ ಹೇಳಬೇಕು ಅನ್ನಿಸಿತು: ಒಂದು ಪ್ರಾಜೆಕ್ಟ್‌ನ ಫೈಲನ್ನು ಇನ್ನೊಂದು ಪ್ರಾಜೆಕ್ಟ್‌ಗೆ ಕಾಪಿ ಮಾಡಿದಾಗ ಒಳಗಿನ ಚಿತ್ರಗಳೂ ಲಿಂಕ್‌ಗಳೂ ಏಕೆ ಕೆಡುತ್ತವೆ ಎಂಬುದು. ಪ್ರಾಜೆಕ್ಟ್ ರಿಪೋರ್ಟ್ ಮಾಡುವವರಿಗೆ, ವೆಬ್ ಪುಟ ಬರೆಯುವವರಿಗೆ, ಪೈಥಾನ್ ಕಲಿಯುವವರಿಗೆ, ಪೆನ್‌ಡ್ರೈವ್ ಹಿಡಿದು ಪ್ರಿಂಟ್ ಅಂಗಡಿಗೆ ಓಡುವವರಿಗೆ ಎಲ್ಲರಿಗೂ ಇದು ಬೇಕು.

ಒಂದು ಸೂಚನೆ. ಓದಲು ಸುಲಭವಾಗಲಿ ಎಂದು ಫೈಲು, ಫೋಲ್ಡರುಗಳ ಹೆಸರನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ನಮ್ಮ ಕಂಪ್ಯೂಟರಿನಲ್ಲಿ ಅವೆಲ್ಲ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿವೆ. ಹಾಗೇಕೆ ಎಂಬುದೂ ಮುಂದೆ ಬರುತ್ತದೆ.

ವಿಳಾಸ ಬೇರೆ, ದಾರಿ ಬೇರೆ

ಪುಟದ ಪಠ್ಯದೊಳಗೆ ಚಿತ್ರ ಇರುವುದಿಲ್ಲ. ಚಿತ್ರ ಎಲ್ಲಿದೆ ಎಂದು ಹೇಳುವ ಒಂದು ಸಾಲು ಮಾತ್ರ ಇರುತ್ತದೆ. ಆ ಸಾಲನ್ನು ಪಾತ್ ಅನ್ನುತ್ತಾರೆ. ಅದು ಎರಡು ಬಗೆ.

ಮೊದಲನೆಯದು ಅಬ್ಸಲ್ಯೂಟ್ ಪಾತ್. ಇದು ಪೋಸ್ಟಿನ ವಿಳಾಸದ ಹಾಗೆ. ಮನೆ ನಂಬರು, ಬೀದಿ, ಊರು, ಪಿನ್ ಕೋಡ್ ಎಲ್ಲ ಇರುತ್ತದೆ. ಕಾಗದವನ್ನು ಯಾವ ಊರಿನಿಂದ ಹಾಕಿದರೂ ಅದೇ ಮನೆಗೆ ಹೋಗುತ್ತದೆ.

ಎರಡನೆಯದು ರಿಲೇಟಿವ್ ಪಾತ್. ಇದು ಸಂಬಂಧ ಹೇಳುವ ಹಾಗೆ. 'ಚಿಕ್ಕಪ್ಪನ ಮನೆಗೆ ಹೋಗಿ ಬಾ' ಎಂದು ನಮ್ಮಮ್ಮ ನನಗೆ ಹೇಳಿದರೆ ಅದು ಒಂದು ಮನೆ. ಅದೇ ಮಾತನ್ನು ನನ್ನ ಗೆಳತಿಗೆ ಅವಳಮ್ಮ ಹೇಳಿದರೆ ಅದು ಇನ್ನೊಂದು ಮನೆ. ಮಾತು ಒಂದೇ, ಆದರೆ ಕೇಳಿಸಿಕೊಂಡವರು ಬೇರೆ. ಚಿಕ್ಕಪ್ಪನೇ ಇಲ್ಲದವರಿಗೆ ಹೇಳಿದರೆ ಹೋಗಲು ಮನೆಯೇ ಇಲ್ಲ.

ಹೋಲಿಕೆ ಬರೀ ಮಾತಿಗೆ ಹೇಳಿದ್ದಲ್ಲ, ಪಾತ್ ಕೆಲಸ ಮಾಡುವುದೂ ಹೀಗೆಯೇ. ಫೈಲನ್ನು ಒಂದು ಮಗು ಎಂದುಕೊಳ್ಳಿ. ಅದು ಇರುವ ಫೋಲ್ಡರ್ ಅದರ ಅಪ್ಪ. ಎರಡು ಚುಕ್ಕೆ ಮತ್ತು ಒಂದು ಸ್ಲ್ಯಾಶ್ ಬರೆದರೆ, ಅಂದರೆ '../' ಎಂದರೆ, ಅಪ್ಪನಿಂದ ಒಂದು ಮೆಟ್ಟಿಲು ಮೇಲಕ್ಕೆ, ಅಜ್ಜನ ಹತ್ತಿರ ಹೋಗು ಎಂದರ್ಥ. ಅಲ್ಲಿಂದ ಇನ್ನೊಂದು ಫೋಲ್ಡರಿಗೆ ಇಳಿದರೆ ಅದು ಚಿಕ್ಕಪ್ಪನ ಮನೆ. ನಮ್ಮ ಭೌತಶಾಸ್ತ್ರ ಕೈಪಿಡಿಯಲ್ಲಿ ಜೀನರ್ ಡಯೋಡ್ ಪುಟ ಇರುವುದು ಹೀಗೆ:

ಭೌತ-ಕೈಪಿಡಿ/ಮೂಲ/ವಿದ್ಯುತ್/ಜೀನರ್.ಎಂಡಿ

ಅದರ ಸರ್ಕ್ಯೂಟ್ ಚಿತ್ರ ಇರುವುದು ಇಲ್ಲಿ:

ಭೌತ-ಕೈಪಿಡಿ/ಮೂಲ/ಚಿತ್ರಗಳು/ಚಿತ್ರ3.ಪಿಎನ್‌ಜಿ

ಪುಟದೊಳಗಿನ ಸಾಲು ಇದು:

../ಚಿತ್ರಗಳು/ಚಿತ್ರ3.ಪಿಎನ್‌ಜಿ

'ವಿದ್ಯುತ್' ಫೋಲ್ಡರಿನಿಂದ ಮೇಲೆ ಹೋದರೆ 'ಮೂಲ', ಅಲ್ಲಿಂದ ಕೆಳಗಿಳಿದರೆ 'ಚಿತ್ರಗಳು', ಅದರೊಳಗೆ ಚಿತ್ರ. ಲೆಕ್ಕ ಸರಿಯಾಯಿತು.

ಈ ಪುಟವನ್ನು ಎಲೆಕ್ಟ್ರಾನಿಕ್ಸ್ ಕೈಪಿಡಿಗೆ ಕಾಪಿ ಮಾಡೋಣ. ಅಲ್ಲಿ ಫೋಲ್ಡರುಗಳು ಒಂದು ಮೆಟ್ಟಿಲು ಹೆಚ್ಚು ಆಳಕ್ಕಿವೆ:

ಎಲೆಕ್ಟ್ರಾನಿಕ್ಸ್-ಕೈಪಿಡಿ/ಮೂಲ/ಅರೆವಾಹಕ/ಡಯೋಡ್/ಜೀನರ್.ಎಂಡಿ

ಪುಟದಲ್ಲಿ ಒಂದಕ್ಷರವೂ ಬದಲಾಗಿಲ್ಲ. ಆದರೆ ಈಗ '../' ಎಂದರೆ 'ಅರೆವಾಹಕ'. ಅದರೊಳಗೆ 'ಚಿತ್ರಗಳು' ಎಂಬ ಫೋಲ್ಡರೇ ಇಲ್ಲ. ಬ್ರೌಸರಿನಲ್ಲಿ ಸರ್ಕ್ಯೂಟ್ ಇರಬೇಕಾದ ಜಾಗದಲ್ಲಿ ಒಡೆದ ಚಿತ್ರದ ಸಣ್ಣ ಗುರುತು ಕಾಣುತ್ತದೆ. ಫೈಲನ್ನು ಕಾಪಿ ಮಾಡಿದಾಗ ದಾರಿ ಹೇಳುವ ಮಾತು ಅದರ ಜೊತೆಗೆ ಬಂತು, ಆ ಮಾತನ್ನು ಯಾವ ಜಾಗದಲ್ಲಿ ನಿಂತು ಹೇಳಿದ್ದೋ ಆ ಜಾಗ ಬರಲಿಲ್ಲ. ಈ ಲೇಖನದಲ್ಲಿ ನೆನಪಿಡಬೇಕಾದ ಮಾತು ಇಷ್ಟೇ. ಉಳಿದದ್ದೆಲ್ಲ ಇದರ ಬೇರೆ ಬೇರೆ ರೂಪ.

ಹಾಗಾದರೆ ರಿಲೇಟಿವ್ ಪಾತ್ ಏಕೆ ಬೇಕು?

ಎಲ್ಲ ಕಡೆ ಪೂರ್ತಿ ವಿಳಾಸವನ್ನೇ ಬರೆದರಾಯಿತಲ್ಲ ಎಂದು ಕೇಳಬಹುದು. ಸಿ ಡ್ರೈವ್‌ನಿಂದ ಶುರುಮಾಡಿ ಯೂಸರ್ಸ್, ನಿಮ್ಮ ಹೆಸರು, ಡೆಸ್ಕ್‌ಟಾಪ್ ಎಂದೆಲ್ಲ ಬರೆದ ವಿಳಾಸ ನಿಮ್ಮ ಕಂಪ್ಯೂಟರಿನಲ್ಲಿ ಮಾತ್ರ ಸರಿ. ಲ್ಯಾಬಿನ ಕಂಪ್ಯೂಟರಿನಲ್ಲಿ ನಿಮ್ಮ ಹೆಸರಿನ ಫೋಲ್ಡರ್ ಇರುವುದಿಲ್ಲ. ಅಂಥ ಪಾತ್ ಬರೆದ ಪುಟ ಕಾಪಿ ಮಾಡುವ ಮೊದಲೇ ಕೆಟ್ಟಂತೆ. ಬರೆದವರ ಕಂಪ್ಯೂಟರಿನಲ್ಲಿ ಅದು ಸರಿಯಾಗಿಯೇ ಕಾಣುವುದರಿಂದ ಅವರಿಗೆ ಕೊನೆಯವರೆಗೂ ಗೊತ್ತಾಗುವುದಿಲ್ಲ.

ರಿಲೇಟಿವ್ ಪಾತ್ ಬಂದದ್ದೇ ಈ ಕಾರಣಕ್ಕೆ. ವೆಬ್‌ನಲ್ಲಿ ಇಂಥ ಪಾತ್‌ಗಳನ್ನು ಹೇಗೆ ಲೆಕ್ಕ ಹಾಕಬೇಕು ಎಂಬ ನಿಯಮಗಳು 1995ರಲ್ಲಿ ಆರ್‌ಎಫ್‌ಸಿ 1808 ಎಂಬ ದಾಖಲೆಯಾಗಿ ಬಂದವು. 2005ರ ಆರ್‌ಎಫ್‌ಸಿ 3986 ಅವನ್ನು ಪರಿಷ್ಕರಿಸಿತು. ಒಂದಕ್ಕೊಂದು ಹೊಂದಿಕೊಂಡ ಪುಟಗಳ ಇಡೀ ಗುಂಪನ್ನು ಬೇರೆ ಜಾಗಕ್ಕೆ ಸಾಗಿಸಿದರೂ ಒಳಗಿನ ಲಿಂಕ್‌ಗಳನ್ನು ಮತ್ತೆ ಬರೆಯಬೇಕಾಗಬಾರದು ಎಂಬುದು ಅದರ ದೊಡ್ಡ ಲಾಭ.

ನಮ್ಮ ಅನುಭವವೂ ಅದೇ. 'ಭೌತ-ಕೈಪಿಡಿ' ಫೋಲ್ಡರನ್ನು ಇಡಿಯಾಗಿ ಪೆನ್‌ಡ್ರೈವ್‌ಗೆ ಹಾಕಿ ಮನೆಗೆ ಒಯ್ದರೆ ಒಂದು ಚಿತ್ರವೂ ಕೆಡುವುದಿಲ್ಲ. ಗಿಡವನ್ನು ಬೇರು, ಮಣ್ಣಿನ ಸಮೇತ ಕಿತ್ತು ನೆಟ್ಟರೆ ಬದುಕುತ್ತದೆ. ಒಂದು ಎಲೆಯನ್ನು ಮಾತ್ರ ಕಿತ್ತು ಇನ್ನೊಂದು ಗಿಡಕ್ಕೆ ಅಂಟಿಸಿದರೆ ಒಣಗುತ್ತದೆ. ಎರಡು ಪ್ರಾಜೆಕ್ಟ್‌ಗಳ ನಡುವೆ ಒಂದೇ ಪುಟ ಕಾಪಿ ಮಾಡುವುದು ಎಲೆ ಕಿತ್ತ ಹಾಗೆ.

ಎಲ್ಲಿ ನಿಂತು ಎಣಿಸುವುದು?

ಚುಕ್ಕೆಗಳನ್ನು ಸರಿಯಾಗಿ ಎಣಿಸಿದರೆ ಸಾಕು ಅನ್ನಿಸಬಹುದು. ಆದರೆ ಎಣಿಕೆ ಶುರುವಾಗುವ ಜಾಗ ಎಲ್ಲ ಸಂದರ್ಭದಲ್ಲೂ ಒಂದೇ ಅಲ್ಲ. ನಮ್ಮ ಕೆಲಸದಲ್ಲಿ ನಾಲ್ಕು ಜಾಗಗಳು ಬರುತ್ತವೆ.

1. ಪುಟದ ಫೈಲ್ ಇರುವ ಫೋಲ್ಡರ್. ಎಂಕೆಡಾಕ್ಸ್‌ನಲ್ಲಿ ಮಾರ್ಕ್‌ಡೌನ್ ರೀತಿಯಲ್ಲಿ ಬರೆದ ಚಿತ್ರ ಮತ್ತು ಲಿಂಕ್‌ಗಳಿಗೆ ಇದೇ ಲೆಕ್ಕ. ಮೇಲೆ ನೋಡಿದ ಜೀನರ್ ಉದಾಹರಣೆ ಇದೇ ಬಗೆಯದು.

2. ಬ್ರೌಸರಿನಲ್ಲಿ ತೆರೆಯುವ ಪುಟದ ವಿಳಾಸ. ಇದು ಅನೇಕರನ್ನು ಗೊಂದಲಕ್ಕೆ ಕೆಡವುತ್ತದೆ. ಎಂಕೆಡಾಕ್ಸ್ ಸಾಮಾನ್ಯವಾಗಿ 'ಜೀನರ್.ಎಂಡಿ' ಎಂಬ ಫೈಲಿನಿಂದ 'ಜೀನರ್' ಎಂಬ ಹೊಸ ಫೋಲ್ಡರನ್ನೂ ಅದರೊಳಗೆ ಇಂಡೆಕ್ಸ್ ಪುಟವನ್ನೂ ಮಾಡುತ್ತದೆ. ಅಂದರೆ ತಯಾರಾದ ಪುಟ ಒಂದು ಮೆಟ್ಟಿಲು ಕೆಳಗೆ ಇಳಿದಿರುತ್ತದೆ. ಮಾರ್ಕ್‌ಡೌನ್ ರೀತಿಯಲ್ಲಿ ಬರೆದ ಪಾತ್‌ಗಳನ್ನು ಅದು ತಾನೇ ಹೊಂದಿಸಿಕೊಳ್ಳುತ್ತದೆ. ಆದರೆ ಚಿತ್ರದ ಅಗಲ ಕಡಿಮೆ ಮಾಡಬೇಕೆಂದು ನಾವು ನೇರವಾಗಿ ಎಚ್‌ಟಿಎಂಎಲ್‌ನ ಇಮೇಜ್ ಟ್ಯಾಗ್ ಬರೆದರೆ, ಅದನ್ನು ಮುಟ್ಟುವುದಿಲ್ಲ. ಆ ಟ್ಯಾಗ್‌ನಲ್ಲಿ ಒಂದು '../' ಹೆಚ್ಚಿಗೆ ಬೇಕಾಗುತ್ತದೆ. ಒಂದೇ ಪುಟದಲ್ಲಿ, ಒಂದೇ ಚಿತ್ರಕ್ಕೆ, ಎರಡು ರೀತಿ ಬರೆದರೆ ಎರಡು ಪಾತ್!

3. ಸೇರಿಸಿಕೊಂಡ ಪುಟ ಇರುವ ಫೋಲ್ಡರ್. ಸ್ಫಿಂಕ್ಸ್‌ನಲ್ಲಿ ಒಂದು ಫೈಲಿನ ಪಠ್ಯವನ್ನು ಇನ್ನೊಂದರೊಳಗೆ ಸೇರಿಸಲು ಇನ್‌ಕ್ಲೂಡ್ ಎಂಬ ಆಜ್ಞೆ ಇದೆ. ಲ್ಯಾಬ್ ಸುರಕ್ಷತೆಯ ನಿಯಮಗಳನ್ನು ಒಂದೇ ಫೈಲಿನಲ್ಲಿ ಬರೆದು ಎಲ್ಲ ಪ್ರಯೋಗಗಳ ಮೇಲ್ಭಾಗದಲ್ಲಿ ಹೀಗೆ ಸೇರಿಸಬಹುದು. ಆ ನಿಯಮಗಳ ನಡುವೆ ಎಚ್ಚರಿಕೆಯ ಚಿತ್ರವೊಂದಿದ್ದರೆ, ಅದರ ಪಾತ್‌ನ ಲೆಕ್ಕ ನಿಯಮಗಳ ಫೈಲಿನಿಂದ ಶುರುವಾಗುವುದಿಲ್ಲ, ಅದನ್ನು ಸೇರಿಸಿಕೊಂಡ ಪುಟದಿಂದ ಶುರುವಾಗುತ್ತದೆ. ಬೇರೆ ಬೇರೆ ಆಳದ ಎರಡು ಪುಟಗಳು ಅದೇ ಫೈಲನ್ನು ಸೇರಿಸಿಕೊಂಡರೆ ಒಂದರಲ್ಲಿ ಚಿತ್ರ ಬರುತ್ತದೆ, ಇನ್ನೊಂದರಲ್ಲಿ ಬರುವುದಿಲ್ಲ.

4. ಪ್ರೋಗ್ರಾಂ ನಡೆಸಿದಾಗ ನಾವಿರುವ ಫೋಲ್ಡರ್. ಪೈಥಾನ್‌ನಲ್ಲಿ ಓಪನ್ ಬಳಸಿ 'ಅಂಕಗಳು' ಎಂಬ ಪಠ್ಯದ ಫೈಲ್ ತೆರೆಯಿರಿ ಎಂದು ಬರೆದರೆ, ಪೈಥಾನ್ ಅದನ್ನು ಹುಡುಕುವುದು ಪ್ರೋಗ್ರಾಂ ಫೈಲ್ ಇರುವ ಜಾಗದಲ್ಲಿ ಅಲ್ಲ, ಆಗ ಚಾಲ್ತಿಯಲ್ಲಿರುವ ಫೋಲ್ಡರಿನಲ್ಲಿ. ಐಡಲ್‌ನಲ್ಲಿ ಎಫ್5 ಒತ್ತಿ ನಡೆಸಿದಾಗ ಈ ಎರಡೂ ಒಂದೇ ಆಗಿರುತ್ತವೆ, ಆದ್ದರಿಂದ ತೊಂದರೆ ಕಾಣದು. ಅದೇ ಪ್ರೋಗ್ರಾಮನ್ನು ಟರ್ಮಿನಲ್‌ನಲ್ಲಿ ಬೇರೆ ಫೋಲ್ಡರಿನಿಂದ ನಡೆಸಿದರೆ ಫೈಲ್ ಸಿಗಲಿಲ್ಲ ಎಂಬ ಸಂದೇಶ. ಫೈಲ್ ಪಕ್ಕದಲ್ಲೇ ಇದೆಯಲ್ಲ ಎಂದು ತಲೆ ಕೆರೆದುಕೊಳ್ಳುವುದೊಂದೇ ಬಾಕಿ. 2014ರಲ್ಲಿ ಬಂದ ಪೈಥಾನ್ 3.4ರಿಂದ ಪಾತ್‌ಲಿಬ್ ಎಂಬ ಮಾಡ್ಯೂಲ್ ಇದೆ. ಪ್ರೋಗ್ರಾಂ ಫೈಲ್ ಇರುವ ಫೋಲ್ಡರನ್ನು ತಿಳಿದುಕೊಂಡು ಅಲ್ಲಿಂದಲೇ ಪಾತ್ ಕಟ್ಟಲು ಅದು ನೆರವಾಗುತ್ತದೆ.

ಪಾತ್ ಕೆಟ್ಟಾಗಲೆಲ್ಲ ನಾವು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ 'ಚುಕ್ಕೆ ಎಷ್ಟು?' ಎಂಬುದಲ್ಲ. 'ಇದನ್ನು ಓದುವವರು ಎಲ್ಲಿ ನಿಂತು ಓದುತ್ತಿದ್ದಾರೆ?' ಎಂಬುದು.

ಕಾಣದ ಚಿತ್ರಕ್ಕಿಂತ ತಪ್ಪು ಚಿತ್ರ ಅಪಾಯ

ಒಡೆದ ಚಿತ್ರದ ಗುರುತು ಕಂಡರೆ ನಾನು ಬೇಸರಪಡುವುದಿಲ್ಲ. ಏನೋ ತಪ್ಪಿದೆ ಎಂದು ಅದು ತಾನೇ ಕೂಗಿ ಹೇಳುತ್ತದೆ. ಕೂಗದ ತಪ್ಪು ಇನ್ನೊಂದಿದೆ.

ಮೇಲಿನ ಜೀನರ್ ಪುಟದ ಕಥೆ ಅಲ್ಲಿಗೆ ಮುಗಿಯಲಿಲ್ಲ. ಈ ಹಿಂದೆ ಯಾರೋ ಅದನ್ನು ಎಲೆಕ್ಟ್ರಾನಿಕ್ಸ್ ಕೈಪಿಡಿಗೆ ತಂದಾಗ ಚಿತ್ರ ಕಾಣಲಿಲ್ಲ. ಒಂದು '../' ಸೇರಿಸಿ ಹೀಗೆ ತಿದ್ದಿದ್ದರು:

../../ಚಿತ್ರಗಳು/ಚಿತ್ರ3.ಪಿಎನ್‌ಜಿ

ಚಿತ್ರ ಬಂತು. ಸಾಫ್ಟ್‌ವೇರ್ ಯಾವ ಎಚ್ಚರಿಕೆಯನ್ನೂ ಕೊಡಲಿಲ್ಲ. ಆದರೆ ಎಲೆಕ್ಟ್ರಾನಿಕ್ಸ್ ಕೈಪಿಡಿಯಲ್ಲಿ ಮೊದಲಿನಿಂದಲೂ ತನ್ನದೇ ಆದ ಒಂದು 'ಚಿತ್ರ3' ಇತ್ತು. ಅದು ಸಾಧಾರಣ ಪಿಎನ್ ಜಂಕ್ಷನ್ ಡಯೋಡನ್ನು ಫಾರ್ವರ್ಡ್ ಬಯಾಸ್‌ನಲ್ಲಿ ಜೋಡಿಸುವ ಚಿತ್ರ. ಜೀನರ್ ಪುಟದ ಪಠ್ಯ ರಿವರ್ಸ್ ಬಯಾಸ್ ಅನ್ನುತ್ತಿತ್ತು, ಪಕ್ಕದ ಚಿತ್ರ ಫಾರ್ವರ್ಡ್ ಬಯಾಸ್ ತೋರಿಸುತ್ತಿತ್ತು.

ಭೌತಶಾಸ್ತ್ರ ಓದುವವರಿಗೆ ಇದರ ಪರಿಣಾಮ ಗೊತ್ತು. 5.1 ವೋಲ್ಟ್‌ನ ಜೀನರ್ ಡಯೋಡನ್ನು ರಿವರ್ಸ್ ಬಯಾಸ್‌ನಲ್ಲಿ ಜೋಡಿಸಿದರೆ ಸುಮಾರು 5.1 ವೋಲ್ಟ್‌ವರೆಗೆ ಕರೆಂಟ್ ಬಹಳ ಕಡಿಮೆ ಇದ್ದು, ಆಮೇಲೆ ಒಮ್ಮೆಲೇ ಏರುತ್ತದೆ. ಫಾರ್ವರ್ಡ್ ಬಯಾಸ್‌ನಲ್ಲಿ ಅದೇ ಡಯೋಡ್ ಬೇರೆ ಸಿಲಿಕಾನ್ ಡಯೋಡಿನಂತೆ ಸುಮಾರು 0.7 ವೋಲ್ಟ್‌ಗೇ ಕರೆಂಟ್ ಹರಿಸುತ್ತದೆ. ಚಿತ್ರ ನೋಡಿ ಜೋಡಿಸಿದ ಹುಡುಗಿಗೆ ಬ್ರೇಕ್‌ಡೌನ್ ವೋಲ್ಟೇಜ್ ಸಿಗುವುದೇ ಇಲ್ಲ. ತಾನೇ ತಪ್ಪು ಮಾಡಿದೆ, ಇಲ್ಲವೇ ಡಯೋಡ್ ಕೆಟ್ಟಿದೆ ಅಂದುಕೊಳ್ಳುತ್ತಾಳೆ. ಕೈಪಿಡಿ ತಪ್ಪಿರಬಹುದು ಎಂದು ಯಾರೂ ಮೊದಲು ಯೋಚಿಸುವುದಿಲ್ಲ. ನಮ್ಮಲ್ಲಿ ಪ್ರಯೋಗಕ್ಕೆ ಮೊದಲು ಪುಟ ತಿರುವಿ ನೋಡಿದ ಮೇಡಂ ಇದನ್ನು ಗಮನಿಸಿದ್ದರಿಂದ ಸರಿಹೋಯಿತು.

ಇದನ್ನು ತಂದವರನ್ನು ದೂರಿ ಪ್ರಯೋಜನವಿಲ್ಲ. ಪಾತ್ ಸರಿಯಾಗಿತ್ತು, ಫೈಲ್ ಇತ್ತು, ಕಂಪ್ಯೂಟರ್ ಹೇಳಿದ್ದನ್ನೇ ಮಾಡಿತು. ತೊಂದರೆ ಇದ್ದದ್ದು ಹೆಸರಿನಲ್ಲಿ. 'ಚಿತ್ರ1', 'ಚಿತ್ರ2', 'ಹೊಸ', 'ಫೈನಲ್' ಎಂಬಂಥ ಹೆಸರುಗಳು ಎಲ್ಲ ಪ್ರಾಜೆಕ್ಟ್‌ಗಳಲ್ಲೂ ಇರುತ್ತವೆ. 'ಜೀನರ್-ರಿವರ್ಸ್-ಸರ್ಕ್ಯೂಟ್' ಎಂದು ಹೆಸರಿಟ್ಟಿದ್ದರೆ ಆ ಪಾತ್ ಒಡೆಯುತ್ತಿತ್ತು, ಒಡೆದದ್ದು ಕಾಣುತ್ತಿತ್ತು, ಕಂಡದ್ದನ್ನು ಯಾರಾದರೂ ಸರಿಮಾಡುತ್ತಿದ್ದರು. ಇಡೀ ಪ್ರಾಜೆಕ್ಟ್‌ನಲ್ಲಿ ಮಾತ್ರವಲ್ಲ, ಮೂರೂ ಪ್ರಾಜೆಕ್ಟ್ ಸೇರಿದರೂ ಒಂದೇ ಇರುವಂಥ ಹೆಸರು ಇಡಿ. ನಮ್ಮ ತಂಡ ಈಗ ಇದನ್ನು ನಿಯಮವಾಗಿ ಮಾಡಿಕೊಂಡಿದೆ.

ಮೊದಲಿಗೇ ಬರುವ ಸ್ಲ್ಯಾಶ್

ಚುಕ್ಕೆ ಎಣಿಸುವ ಕಷ್ಟ ತಪ್ಪಿಸಲು ಕೆಲವರು ಪಾತ್‌ನ ಆರಂಭದಲ್ಲೇ ಸ್ಲ್ಯಾಶ್ ಹಾಕುತ್ತಾರೆ: /ಚಿತ್ರಗಳು/ಚಿತ್ರ3.ಪಿಎನ್‌ಜಿ. 'ಬೇರಿನಿಂದ ಎಣಿಸು' ಎಂದು ಇದರರ್ಥ. ಆದರೆ ಯಾವ ಬೇರು?

ಲಿನಕ್ಸ್ ಕಂಪ್ಯೂಟರಿನಲ್ಲಿ ಅದು ಇಡೀ ಫೈಲ್ ವ್ಯವಸ್ಥೆಯ ತುದಿ. ಸ್ಫಿಂಕ್ಸ್‌ನಲ್ಲಿ ಚಿತ್ರದ ಪಾತ್ ಹೀಗೆ ಶುರುವಾದರೆ ಅದು ಪ್ರಾಜೆಕ್ಟ್‌ನ ಮೂಲ ಫೋಲ್ಡರ್. ಇದು ನಿಜಕ್ಕೂ ಉಪಯುಕ್ತ. ಪುಟವನ್ನು ಪ್ರಾಜೆಕ್ಟ್‌ನ ಒಳಗೇ ಎಲ್ಲಿಗೆ ಸರಿಸಿದರೂ ಚಿತ್ರ ಕೆಡುವುದಿಲ್ಲ. ಇನ್‌ಕ್ಲೂಡ್ ಮಾಡಿದ ಫೈಲಿನ ತೊಂದರೆಗೂ ಇದೇ ಮದ್ದು. ಬ್ರೌಸರಿನಲ್ಲಿ ಮಾತ್ರ ಆ ಸ್ಲ್ಯಾಶ್ ಎಂದರೆ ವೆಬ್‌ಸೈಟಿನ ಬೇರು.

ಈ ಕೊನೆಯದು ಎಲ್ಲಿ ಕೈಕೊಡುತ್ತದೆ ನೋಡಿ. ಗಿಟ್‌ಹಬ್ ಪೇಜಸ್‌ನಲ್ಲಿ ಒಂದು ಪ್ರಾಜೆಕ್ಟ್‌ನ ಸೈಟ್ ಹಾಕಿದರೆ, ಅದರ ವಿಳಾಸ ಖಾತೆಯ ಹೆಸರಿನ ಸೈಟಿನ ಕೆಳಗೆ ಪ್ರಾಜೆಕ್ಟ್ ಹೆಸರಿನ ಒಂದು ಫೋಲ್ಡರಿನಂತೆ ಬರುತ್ತದೆ. ಸ್ಲ್ಯಾಶ್‌ನಿಂದ ಶುರುವಾದ ಪಾತ್ ಆ ಪ್ರಾಜೆಕ್ಟ್ ಹೆಸರನ್ನು ಬಿಟ್ಟು ಮೇಲಕ್ಕೆ ಹಾರಿ, ಸೈಟಿನ ತುದಿಯಲ್ಲಿ ಚಿತ್ರ ಹುಡುಕುತ್ತದೆ. ಲ್ಯಾಬಿನ ಕಂಪ್ಯೂಟರಿನಲ್ಲಿ ಸೈಟನ್ನು ತುದಿಯಲ್ಲೇ ಇಟ್ಟು ನೋಡಿದಾಗ ಸರಿ ಇದ್ದದ್ದು ಅಲ್ಲಿ ಹಾಕಿದ ಮೇಲೆ ಕೆಡುತ್ತದೆ. ಆದ್ದರಿಂದ ಸ್ಫಿಂಕ್ಸ್ ಪ್ರಾಜೆಕ್ಟ್‌ನಿಂದ ಎಂಕೆಡಾಕ್ಸ್ ಪ್ರಾಜೆಕ್ಟ್‌ಗೆ ಪುಟ ತರುವಾಗ ಸ್ಲ್ಯಾಶ್‌ನಿಂದ ಶುರುವಾದ ಪಾತ್‌ಗಳನ್ನು ಮೊದಲು ಹುಡುಕಿ ತಿದ್ದಬೇಕು. ಬರಹ ಒಂದೇ ಇದ್ದರೂ ಎರಡು ಮನೆಗಳಲ್ಲಿ ಅದರ ಅರ್ಥ ಬೇರೆ.

ಮನೆಯಲ್ಲಿ ಸರಿ, ಬೇರೆ ಕಡೆ ತಪ್ಪು

ಚುಕ್ಕೆ, ಸ್ಲ್ಯಾಶ್ ಎಲ್ಲ ಸರಿ ಇದ್ದರೂ ಕೆಡುವ ಸಂದರ್ಭಗಳಿವೆ. ಮೂರನ್ನು ಚುಟುಕಾಗಿ ಹೇಳುತ್ತೇನೆ.

ಅಕ್ಷರದ ಗಾತ್ರ. ವಿಂಡೋಸ್ ಸಾಮಾನ್ಯವಾಗಿ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರಗಳ ನಡುವೆ ಭೇದ ಮಾಡುವುದಿಲ್ಲ. ಲಿನಕ್ಸ್ ಮಾಡುತ್ತದೆ. ಫೈಲಿನ ಹೆಸರು ದೊಡ್ಡಕ್ಷರದಲ್ಲಿದ್ದು ಪಾತ್‌ನಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದರೆ ನಿಮ್ಮ ಲ್ಯಾಪ್‌ಟಾಪಿನಲ್ಲಿ ಚಿತ್ರ ಬರುತ್ತದೆ, ಲಿನಕ್ಸ್ ಸರ್ವರಿನಲ್ಲಿ ಬರುವುದಿಲ್ಲ. ಕೆಲವು ಕ್ಯಾಮೆರಾಗಳು ಫೈಲಿನ ಕೊನೆಯ ಜೆಪಿಜಿ ಎಂಬುದನ್ನೂ ದೊಡ್ಡಕ್ಷರದಲ್ಲಿ ಬರೆಯುತ್ತವೆ. ಅದಕ್ಕೇ ನಾವು ಎಲ್ಲ ಹೆಸರುಗಳನ್ನೂ ಸಣ್ಣಕ್ಷರದಲ್ಲೇ ಇಡುವುದು.

ಸ್ಲ್ಯಾಶ್‌ನ ದಿಕ್ಕು. ವಿಂಡೋಸ್‌ನಲ್ಲಿ ಪಾತ್‌ಗಳು ಬ್ಯಾಕ್‌ಸ್ಲ್ಯಾಶ್‌ನಿಂದ ಕಾಣುತ್ತವೆ. ಇದಕ್ಕೊಂದು ಹಳೆಯ ಕಾರಣವಿದೆ. 1983ರಲ್ಲಿ ಬಂದ ಎಂಎಸ್‌-ಡಾಸ್ 2.0ರಲ್ಲಿ ಫೋಲ್ಡರಿನೊಳಗೆ ಫೋಲ್ಡರ್ ಇಡುವ ಸೌಲಭ್ಯ ಶುರುವಾಯಿತು. ಆದರೆ ಅಷ್ಟರಲ್ಲಿ ಸ್ಲ್ಯಾಶ್ ಅನ್ನು ಆಜ್ಞೆಗಳ ಆಯ್ಕೆಗಳನ್ನು ಬರೆಯಲು ಬಳಸಿಬಿಟ್ಟಿದ್ದರು. ಹಾಗಾಗಿ ಫೋಲ್ಡರಿಗೆ ತಿರುಗಿದ ಸ್ಲ್ಯಾಶ್ ಬಂತು. ಡಾಕ್ಯುಮೆಂಟೇಶನ್ ಪುಟಗಳಲ್ಲಿ ಯಾವಾಗಲೂ ಸಾಮಾನ್ಯ ಸ್ಲ್ಯಾಶ್ ಬರೆಯಿರಿ. ಅದು ಎಲ್ಲ ಕಡೆ ನಡೆಯುತ್ತದೆ.

ಹೆಸರಿನ ನಡುವಿನ ಖಾಲಿ ಜಾಗ. 'ನ್ಯೂ ಫೋಲ್ಡರ್ (2)' ಎಂಬ ಹೆಸರು ನಮ್ಮ ಕಣ್ಣಿಗೆ ಸರಿ. ಆದರೆ ಮಾರ್ಕ್‌ಡೌನ್‌ನಲ್ಲಿ ಖಾಲಿ ಜಾಗವೂ ಕಂಸವೂ ಪಾತ್ ಮುಗಿಯಿತು ಎಂಬ ಅರ್ಥ ಕೊಡಬಹುದು. ಖಾಲಿ ಜಾಗದ ಬದಲು ಒಂದು ಸಣ್ಣ ಅಡ್ಡಗೆರೆ ಹಾಕಿ.

ಪ್ರಾಜೆಕ್ಟ್ ರಿಪೋರ್ಟ್ ಮಾಡುವವರಿಗೆ

ನಾವು ವರ್ಡ್ ಬಳಸುತ್ತೇವೆ, ನಮಗೆ ಇದೆಲ್ಲ ಬೇಡ ಅನ್ನುವವರು ಹೆಚ್ಚು. ವರ್ಡ್‌ನಲ್ಲಿ ಚಿತ್ರ ಸೇರಿಸುವಾಗ ಸುಮ್ಮನೆ ಇನ್ಸರ್ಟ್ ಒತ್ತಿದರೆ ಚಿತ್ರ ಡಾಕ್ಯುಮೆಂಟಿನ ಒಳಗೇ ಸೇರುತ್ತದೆ. ನಂಬಿಕೆ ಬರದಿದ್ದರೆ ಒಂದು ಪರೀಕ್ಷೆ ಮಾಡಿ. ಡಾಕ್ಸ್ ಫೈಲಿನ ಒಂದು ಪ್ರತಿ ತೆಗೆದು, ಅದರ ಹೆಸರಿನ ಕೊನೆಯನ್ನು ಜಿಪ್ ಎಂದು ಬದಲಿಸಿ ತೆರೆಯಿರಿ. ಒಳಗೆ ವರ್ಡ್ ಎಂಬ ಫೋಲ್ಡರ್, ಅದರೊಳಗೆ ಮೀಡಿಯಾ ಎಂಬ ಫೋಲ್ಡರ್, ಅದರಲ್ಲಿ ನೀವು ಹಾಕಿದ ಚಿತ್ರಗಳೆಲ್ಲ ಇರುತ್ತವೆ. ಹೀಗಾಗಿ ಅಂಥ ರಿಪೋರ್ಟನ್ನು ಎಲ್ಲಿಗೆ ಒಯ್ದರೂ ಚಿತ್ರ ಜೊತೆಗೇ ಬರುತ್ತದೆ.

ಆದರೆ ಅದೇ ಪಟ್ಟಿಯಲ್ಲಿ ಲಿಂಕ್ ಟು ಫೈಲ್ ಎಂಬ ಆಯ್ಕೆಯೂ ಇದೆ. ಅದನ್ನು ಆರಿಸಿದರೆ ಒಳಗೆ ಹೋಗುವುದು ಪಾತ್ ಮಾತ್ರ, ಚಿತ್ರ ಹೊರಗೇ ಉಳಿಯುತ್ತದೆ. ಫೈಲ್ ಚಿಕ್ಕದಾಗುತ್ತದೆ ಎಂದು ಕೆಲವರು ಇದನ್ನು ಹೇಳಿಕೊಡುತ್ತಾರೆ. ಪ್ರಿಂಟ್ ಅಂಗಡಿಯಲ್ಲಿ ತೆರೆದಾಗ ಚಿತ್ರಗಳ ಜಾಗ ಖಾಲಿ! ಲಿಬ್ರೆಆಫೀಸ್‌ನಲ್ಲೂ ಚಿತ್ರ ಸೇರಿಸುವ ಕಿಟಕಿಯಲ್ಲಿ ಲಿಂಕ್ ಎಂಬ ಚೌಕವಿದೆ. ರಿಪೋರ್ಟ್ ಮಾಡುವಾಗ ಅದಕ್ಕೆ ಗುರುತು ಹಾಕಬೇಡಿ. ಪ್ರಿಂಟ್‌ಗೆ ಕೊಡುವ ಮೊದಲು ಪಿಡಿಎಫ್ ಮಾಡಿ, ಅದನ್ನು ತೆರೆದು ನೋಡಿ, ಅದನ್ನೇ ಒಯ್ಯಿರಿ.

ಪುಟ ಕಾಪಿ ಮಾಡುವ ಕ್ರಮ

ಹೊಸ ತಂಡಕ್ಕಾಗಿ ನಾವು ಗೋಡೆಗೆ ಅಂಟಿಸಿರುವ ಕ್ರಮ ಇದು. ಒಂದು ಪುಟಕ್ಕೆ ಹತ್ತು ನಿಮಿಷ ಸಾಕು.

1. ಕಾಪಿ ಮಾಡುವ ಮೊದಲು ಪುಟವನ್ನು ಪಠ್ಯವಾಗಿ ತೆರೆದು ಅದು ಹೊರಗಿನ ಏನೇನನ್ನು ಕರೆಯುತ್ತದೆ ಎಂದು ಪಟ್ಟಿ ಮಾಡಿ. ಚಿತ್ರಗಳು, ಬೇರೆ ಪುಟಗಳ ಲಿಂಕ್‌ಗಳು, ಇನ್‌ಕ್ಲೂಡ್‌ಗಳು, ಡೌನ್‌ಲೋಡ್ ಫೈಲುಗಳು. '../' ಎಂದು ಹುಡುಕಿದರೆ ಬಹುಪಾಲು ಸಿಗುತ್ತವೆ. ಆದರೆ ಚುಕ್ಕೆಯೇ ಇಲ್ಲದೆ ಫೈಲಿನ ಹೆಸರಿನಿಂದಲೇ ಶುರುವಾಗುವ ಪಾತ್‌ಗಳೂ ರಿಲೇಟಿವ್ ಪಾತ್‌ಗಳೇ. ಅವನ್ನು ಕಣ್ಣಿನಿಂದಲೇ ನೋಡಬೇಕು.

2. ಪಟ್ಟಿಯಲ್ಲಿ ಇರುವುದನ್ನೆಲ್ಲ ಪುಟದ ಜೊತೆಗೇ ತನ್ನಿ. ಬೇರೆ ಪುಟದ ಲಿಂಕ್ ಇದ್ದು ಆ ಪುಟ ಹೊಸ ಪ್ರಾಜೆಕ್ಟ್‌ನಲ್ಲಿ ಇಲ್ಲದಿದ್ದರೆ, ಅದನ್ನೂ ತರಬೇಕೇ, ಲಿಂಕ್ ತೆಗೆಯಬೇಕೇ, ಹಳೆಯ ಕೈಪಿಡಿಯ ಪೂರ್ತಿ ವೆಬ್ ವಿಳಾಸ ಕೊಡಬೇಕೇ ಎಂದು ಆಗಲೇ ತೀರ್ಮಾನಿಸಿ.

3. ಹೊಸ ಪ್ರಾಜೆಕ್ಟ್‌ನಲ್ಲಿ ಅದೇ ಹೆಸರಿನ ಚಿತ್ರ ಇದೆಯೇ ನೋಡಿ. ಇದ್ದರೆ ನಿಮ್ಮ ಚಿತ್ರಕ್ಕೆ ಬೇರೆ ಹೆಸರಿಟ್ಟು ಪಾತ್ ತಿದ್ದಿ. ಅಲ್ಲಿರುವುದರ ಮೇಲೆ ನಿಮ್ಮದನ್ನು ಎಂದೂ ಅಂಟಿಸಬೇಡಿ. ಹಾಗೆ ಮಾಡಿದರೆ ಆ ಪ್ರಾಜೆಕ್ಟ್‌ನ ಇನ್ನೊಂದು ಪುಟ ಸದ್ದಿಲ್ಲದೆ ಕೆಡುತ್ತದೆ.

4. ಹೊಸ ಪುಟಗಳಿಗೆ ಪುಟಕ್ಕೊಂದು ಫೋಲ್ಡರ್ ಮಾಡಿ, ಅದರ ಚಿತ್ರಗಳನ್ನು ಪಕ್ಕದಲ್ಲೇ ಇಡಿ. ಆಗ ಪಾತ್ ಎಂದರೆ ಚಿತ್ರದ ಹೆಸರು ಮಾತ್ರ. ಮುಂದೆ ಯಾರಾದರೂ ಕಾಪಿ ಮಾಡುವಾಗ ಆ ಫೋಲ್ಡರನ್ನು ಎತ್ತಿಕೊಂಡರಾಯಿತು. ಹ್ಯೂಗೋ ಎಂಬ ಸಾಫ್ಟ್‌ವೇರ್ ಇದನ್ನೇ ಪೇಜ್ ಬಂಡಲ್ ಎಂದು ಕರೆಯುತ್ತದೆ.

5. ಕಾಪಿ ಮಾಡಿದ ಮೇಲೆ ಕಟ್ಟುನಿಟ್ಟಿನ ತಪಾಸಣೆ ನಡೆಸಿ. ಎಂಕೆಡಾಕ್ಸ್‌ನಲ್ಲಿ ಬಿಲ್ಡ್ ಆಜ್ಞೆಯ ಜೊತೆ ಸ್ಟ್ರಿಕ್ಟ್ ಎಂಬ ಆಯ್ಕೆ ಇದೆ. ಸ್ಫಿಂಕ್ಸ್‌ನಲ್ಲಿ ದೊಡ್ಡಕ್ಷರದ ಡಬ್ಲ್ಯು ಎಂಬ ಆಯ್ಕೆ ಇದೆ. ಇವೆರಡೂ ಎಚ್ಚರಿಕೆಗಳನ್ನು ದೋಷವೆಂದೇ ಎಣಿಸುತ್ತವೆ. ಚಿತ್ರ ಸಿಗದಿದ್ದರೆ ಕೈಪಿಡಿ ತಯಾರಾದಂತೆ ಲೆಕ್ಕವಿಲ್ಲ.

6. ಕೊನೆಗೆ ಹಳೆಯ ಪುಟವನ್ನೂ ಹೊಸ ಪುಟವನ್ನೂ ಅಕ್ಕಪಕ್ಕ ತೆರೆದು ಒಂದೊಂದೇ ಚಿತ್ರ ಹೋಲಿಸಿ. ಎಲ್ಲ ಲಿಂಕ್‌ಗಳನ್ನೂ ಒತ್ತಿ ನೋಡಿ. ಫೈಲ್ ಇದೆಯೇ ಎಂದು ಹೇಳಲು ಸಾಫ್ಟ್‌ವೇರ್‌ಗೆ ಬರುತ್ತದೆ. ಅದು ಸರಿಯಾದ ಚಿತ್ರವೇ ಎಂದು ಹೇಳಲು ಬರುವುದಿಲ್ಲ. ಆ ಕೆಲಸ ಪ್ರಯೋಗ ಗೊತ್ತಿರುವವರದ್ದು. ಸಾಧ್ಯವಾದರೆ ಆ ವಿಭಾಗದ ಸರ್ ಅಥವಾ ಮೇಡಂಗೆ ಒಮ್ಮೆ ತೋರಿಸಿ.

ಕಾಪಿಯ ಬದಲು ಪುಟವನ್ನು ಸ್ಥಳಾಂತರಿಸಿದರೆ ಇನ್ನೊಂದು ಕೆಲಸವಿದೆ. ಹಳೆಯ ಪ್ರಾಜೆಕ್ಟ್‌ನಲ್ಲಿ ಆ ಪುಟವನ್ನು ತೋರಿಸುತ್ತಿದ್ದ ಬೇರೆ ಪುಟಗಳ ಲಿಂಕ್‌ಗಳೂ ವಿಷಯಸೂಚಿಯ ಸಾಲೂ ಈಗ ಗಾಳಿಯಲ್ಲಿ ನಿಂತಿರುತ್ತವೆ. ಹೊರಟ ಮನೆಯನ್ನೂ ಒಮ್ಮೆ ಗುಡಿಸಿ ಬರಬೇಕು. ಹಳೆಯ ಪ್ರಾಜೆಕ್ಟ್‌ನಲ್ಲೂ ಐದನೆಯ ಹೆಜ್ಜೆಯ ತಪಾಸಣೆ ನಡೆಸಿದರೆ ಇವು ಸಿಗುತ್ತವೆ.

ಒಂದೇ ಪುಟ ಎರಡು ಕೈಪಿಡಿಗಳಲ್ಲಿ ಬೇಕಾದಾಗ ಕಾಪಿ ಮಾಡುವುದೇ ಸರಿಯೇ ಎಂಬ ಪ್ರಶ್ನೆಯೂ ಇದೆ. ಕಾಪಿ ಮಾಡಿದ ದಿನದಿಂದ ಅವು ಎರಡು ಪುಟಗಳು. ಒಂದರಲ್ಲಿ ತಿದ್ದಿದ್ದು ಇನ್ನೊಂದಕ್ಕೆ ಹೋಗುವುದಿಲ್ಲ. ಮಲ್ಟಿಮೀಟರ್ ಬಳಕೆ, ಲ್ಯಾಬ್ ಸುರಕ್ಷತೆಯಂಥ ಪುಟಗಳನ್ನು ಒಂದೇ ಕಡೆ ಇಟ್ಟು, ಇನ್ನೊಂದು ಕೈಪಿಡಿಯಿಂದ ಅದಕ್ಕೆ ಪೂರ್ತಿ ವಿಳಾಸದ ಲಿಂಕ್ ಕೊಡುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಪುಟದ ಪಠ್ಯ ನಿಜಕ್ಕೂ ಬದಲಾಗಬೇಕಿದ್ದರೆ ಮಾತ್ರ ಕಾಪಿ ಮಾಡಿ. ಜೀನರ್ ಪುಟ ಎರಡೂ ಕಡೆ ಇರಬೇಕಾದದ್ದು ಅದಕ್ಕೇ. ಭೌತಶಾಸ್ತ್ರದವರು ಗ್ರಾಫ್ ಎಳೆಯುತ್ತಾರೆ, ಎಲೆಕ್ಟ್ರಾನಿಕ್ಸ್‌ನವರು ರೆಗ್ಯುಲೇಟರ್ ಕಟ್ಟುತ್ತಾರೆ.

ಪ್ರಥಮ ಪಿಯುವಿನ ಗೆಳೆಯ ಗೆಳತಿಯರೇ, ಈ ಕೈಪಿಡಿಗ ಬರೆದವರು ಮುಂದಿನ ವರ್ಷ ನಿಮ್ಮ ಪಕ್ಕದಲ್ಲಿ ಇರುವುದಿಲ್ಲ. ಪುಟದಲ್ಲಿ ಏನೋ ಹೊಂದುತ್ತಿಲ್ಲ ಅನ್ನಿಸಿದರೆ ಡಯೋಡನ್ನೂ ನಿಮ್ಮನ್ನೂ ಅನುಮಾನಿಸುವ ಮೊದಲು ಪುಟದ ಪಠ್ಯ ತೆರೆದು ಚಿತ್ರದ ಪಾತ್ ಓದಿ. ಸದ್ಯಕ್ಕೆ ಮೂರು ಕೈಪಿಡಿಗಳಲ್ಲಿ ಇನ್ನೂ ಹಳೆಯ 'ಚಿತ್ರ1', 'ಚಿತ್ರ2'ಗಳು ಬಹಳ ಉಳಿದಿವೆ. ಅವಕ್ಕೆ ಸರಿಯಾದ ಹೆಸರಿಡುವ ಕೆಲಸವನ್ನು ಶನಿವಾರ ತರಗತಿ ಮುಗಿದ ಮೇಲೆ ಕಂಪ್ಯೂಟರ್ ಲ್ಯಾಬಿನಲ್ಲಿ ಮಾಡುತ್ತಿದ್ದೇವೆ. ಯಾವ ವಿಭಾಗದವರಾದರೂ ಬನ್ನಿ, ಒಬ್ಬರಿಗೆ ಒಂದು ಫೋಲ್ಡರ್ ಕೊಡುತ್ತೇವೆ.